ಎರೆಯ ಹೊಲ, ಹತ್ತಿಯ ಪೇಟೆ

ಉತ್ತರ ಕನ್ನಡದ ಕುಮಟಾ ಕಡಲತಡಿಯ ಊರು. ಜಂಬಿಟ್ಟಿಗೆಯ ನೆಲ, ಮರಳಿನ ದಂಡೆ, ಆಷಾಢದಲ್ಲಿ ಎಡೆಬಿಡದೆ ಸುರಿಯುವ ಮಳೆ. ಅಲ್ಲಿ ಹತ್ತಿ ಬೆಳೆಯುವುದಿಲ್ಲ. ಹೀಗಿದ್ದರೂ ಹತ್ತೊಂಬತ್ತನೆಯ ಶತಮಾನದ ಮುಂಬಯಿ ಮತ್ತು ಲಿವರ್‌ಪೂಲಿನ ಪೇಟೆಗಳಲ್ಲಿ ‘ಕುಮಟಾ ಹತ್ತಿ’ ಎಂಬುದು ವರ್ತಕರೆಲ್ಲರಿಗೂ ಪರಿಚಿತವಾದ ಹೆಸರಾಗಿತ್ತು.

ಕಾರಣ ಸರಳವಾದದ್ದು. ಧಾರವಾಡ, ಹುಬ್ಬಳ್ಳಿ, ಗದಗು ಮೊದಲಾದ ಕಡೆಗಳ ಎರೆಭೂಮಿಯಲ್ಲಿ ಬೆಳೆದ ಹತ್ತಿಯು ಎತ್ತುಗಳ ಬೆನ್ನೇರಿ, ಶಿರಸಿಯನ್ನು ದಾಟಿ, ಘಟ್ಟವನ್ನಿಳಿದು ಕುಮಟೆಯ ಬಂದರಿನಲ್ಲಿ ಹಡಗನ್ನು ಸೇರುತ್ತಿತ್ತು. ಹತ್ತಿಯನ್ನಿಳಿಸಿದ ಎತ್ತುಗಳು ಉಪ್ಪನ್ನೂ ತೆಂಗಿನಕಾಯಿಯನ್ನೂ ಹೇರಿಕೊಂಡು ಬಯಲುಸೀಮೆಗೆ ಮರಳುತ್ತಿದ್ದವು. ಕೊಳ್ಳುವವನ ಕಣ್ಣಿಗೆ ಕಂಡದ್ದು ಬಂದರು ಮಾತ್ರ. ಬೆಳೆದವನ ಊರು ಘಟ್ಟದ ಮೇಲೆಯೇ ಉಳಿಯಿತು. ಬೆಳೆ ಒಂದೆಡೆ, ಬೆಲೆ ಕಟ್ಟುವ ಕಟ್ಟೆ ಇನ್ನೊಂದೆಡೆ ಎಂಬ ಈ ಸ್ಥಿತಿ ಹತ್ತಿಯ ವ್ಯಾಪಾರದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮಾರುಕಟ್ಟೆಯ ಏರಿಳಿತಗಳನ್ನು ಅಂಕಿಸಂಖ್ಯೆಗಳಲ್ಲಿ ಓದುವವರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಂಕಿಗಳ ಅರ್ಥ ತಾನಾಗಿಯೇ ತೆರೆದುಕೊಳ್ಳುತ್ತದೆ.

ನಾಲ್ಕು ಜಾತಿಗಳು

ಹತ್ತಿ ಈ ದೇಶಕ್ಕೆ ಹೊಸದಲ್ಲ. ಮೊಹೆಂಜೊದಾರೊ ಉತ್ಖನನದಲ್ಲಿ ಹತ್ತಿಬಟ್ಟೆಯ ತುಣುಕು ದೊರೆತಿದೆ. ಕನ್ನಡದ ವಚನಕಾರರ ಸಾಲಿನಲ್ಲಿ ಮಗ್ಗದ ಮುಂದೆ ಕುಳಿತ ದಾಸಿಮಯ್ಯನಿದ್ದಾನೆ. ನೂಲುವುದನ್ನೇ ಕಾಯಕವಾಗಿ ಮಾಡಿಕೊಂಡು ಅದರ ಪರಿಭಾಷೆಯಲ್ಲಿಯೇ ಅನುಭಾವವನ್ನು ನುಡಿದ ಕದಿರ ರೆಮ್ಮವ್ವೆಯೂ ಇದ್ದಾಳೆ. ಆ ಕಾಲದಲ್ಲಿ ಇಲ್ಲಿ ನೂತದ್ದು ದೇಶೀ ಹತ್ತಿ.

ಜಗತ್ತಿನಲ್ಲಿ ಕೃಷಿಗೆ ಬಂದಿರುವ ಹತ್ತಿಯ ಜಾತಿಗಳು ನಾಲ್ಕು. ಅರ್ಬೋರಿಯಮ್ ಮತ್ತು ಹರ್ಬೇಸಿಯಮ್ ಎಂಬ ಎರಡು ಹಳೆಯ ಪ್ರಪಂಚದವು. ಹಿರ್ಸುಟಮ್ ಮತ್ತು ಬಾರ್ಬಡೆನ್ಸ್ ಎಂಬ ಎರಡು ಅಮೆರಿಕ ಖಂಡದಿಂದ ಬಂದವು. ಮೊದಲಿನವಕ್ಕೆ ೨೬ ವರ್ಣತಂತುಗಳು, ಎರಡನೆಯವಕ್ಕೆ ೫೨. ಕುಮಟಾ ಹತ್ತಿಯೆಂದು ಹೆಸರಾದದ್ದು ಹರ್ಬೇಸಿಯಮ್ ಜಾತಿಯದು. ಅದರ ಎಳೆ ಗಿಡ್ಡ, ನೂಲು ದಪ್ಪ. ಆದರೆ ಅದರ ಬೇರು ಆಳಕ್ಕಿಳಿಯುತ್ತದೆ; ಮಳೆ ಕೈಕೊಟ್ಟರೂ ಗಿಡ ಎರೆಯ ತೇವವನ್ನು ಹೀರಿ ನಿಲ್ಲುತ್ತದೆ; ಕೀಟದ ಬಾಧೆ ಕಡಿಮೆ. ಅಮೆರಿಕದ ಜಾತಿಗಳ ಎಳೆ ಉದ್ದ, ನೂಲು ನಯ, ಬೆಲೆ ಹೆಚ್ಚು. ಜೊತೆಗೆ ನೀರಿನ, ಗೊಬ್ಬರದ, ಔಷಧದ ಅಪೇಕ್ಷೆಯೂ ಹೆಚ್ಚು. ಗಿರಣಿಗೆ ಬೇಕಾದದ್ದು ಉದ್ದನೆಯ ಎಳೆ, ಒಕ್ಕಲಿಗನಿಗೆ ಬೇಕಾದದ್ದು ನಂಬಿಕೆಯ ಬೆಳೆ. ಈ ಎರಡು ಬೇಡಿಕೆಗಳ ನಡುವಿನ ಜಗ್ಗಾಟ ಇಂದಿಗೂ ಮುಗಿದಿಲ್ಲ.

ಇನ್ನೊಂದು ಲೆಕ್ಕವನ್ನೂ ಇಲ್ಲಿಯೇ ಹೇಳಬೇಕು. ಹೊಲದಿಂದ ಬಿಡಿಸಿ ತಂದದ್ದು ಬೀಜಸಹಿತವಾದ ಹತ್ತಿ. ಬೀಜವನ್ನು ಬೇರ್ಪಡಿಸಿದ ಮೇಲೆ ಉಳಿಯುವುದು ಅರಳೆ. ೧೦೦ ಕಿಲೋ ಹತ್ತಿಯಲ್ಲಿ ಅರಳೆ ಸುಮಾರು ಮೂರನೆಯ ಒಂದು ಪಾಲು. ಮಿಕ್ಕದ್ದು ಎಣ್ಣೆಗೂ ದನಗಳ ಮೇವಿಗೂ ಒದಗುವ ಹತ್ತಿಕಾಳು. ರೈತ ಮಾರುವುದು ಹತ್ತಿಯನ್ನು ಕ್ವಿಂಟಲಿನ ಲೆಕ್ಕದಲ್ಲಿ. ವರ್ತಕ ಮಾರುವುದು ಅರಳೆಯನ್ನು ಖಂಡಿಯ ಲೆಕ್ಕದಲ್ಲಿ. ಸರಕಾರ ದೇಶದ ಉತ್ಪನ್ನವನ್ನೆಣಿಸುವುದು ಬೇಲಿನ ಲೆಕ್ಕದಲ್ಲಿ. ಖಂಡಿಯೆಂದರೆ ಸುಮಾರು ೩೫೬ ಕಿಲೋ, ಬೇಲೆಂದರೆ ೧೭೦ ಕಿಲೋ.

ಅಮೆರಿಕದ ಯುದ್ಧ, ಧಾರವಾಡದ ಸುಗ್ಗಿ

ಲಂಕಾಶೈರಿನ ಗಿರಣಿಗಳು ತಮಗೆ ಬೇಕಾದ ಹತ್ತಿಯ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಅಮೆರಿಕದಿಂದ ತರಿಸಿಕೊಳ್ಳುತ್ತಿದ್ದವು. ಒಂದೇ ದೇಶವನ್ನು ನಂಬಿ ಕೂಡುವುದು ಅಪಾಯವೆಂಬ ಅರಿವಿನಿಂದ ಈಸ್ಟ್ ಇಂಡಿಯಾ ಕಂಪನಿಯು ೧೮೪೦ರಲ್ಲಿ ಅಮೆರಿಕದ ತೋಟಗಾರರನ್ನು ಭಾರತಕ್ಕೆ ಕರೆಸಿ, ನ್ಯೂ ಆರ್ಲಿಯನ್ಸಿನ ಬೀಜವನ್ನು ಹಲವು ಪ್ರಾಂತಗಳಲ್ಲಿ ಬಿತ್ತಿಸಿತು. ಬಹುತೇಕ ಕಡೆಗಳಲ್ಲಿ ಆ ಪ್ರಯೋಗ ಸೋತಿತು. ನೆಲೆಯೂರಿದ್ದು ಧಾರವಾಡ ಸೀಮೆಯಲ್ಲಿ. ಆ ಹತ್ತಿಯ ಬೀಜಕ್ಕೆ ಅಂಟಿದ ಎಳೆಯನ್ನು ಹಳೆಯ ಕಾಲ್ಗಾಣಗಳಿಂದ ಬಿಡಿಸುವುದು ಕಷ್ಟವಾದುದರಿಂದ ಗರಗಸದ ಹಲ್ಲಿನ ಜಿನ್ನುಗಳು ಬಂದವು. ಅವುಗಳನ್ನು ತಯಾರಿಸುವ, ರಿಪೇರಿ ಮಾಡುವ ಸರಕಾರಿ ಕಾರ್ಖಾನೆ ಧಾರವಾಡದಲ್ಲಿಯೇ ನಡೆಯಿತು. ಹೀಗೆ ಕುಮಟಾ ಹೆಸರಿನ ಪಕ್ಕದಲ್ಲಿ ‘ಧಾರವಾಡ ಅಮೆರಿಕನ್’ ಎಂಬ ಹೆಸರೂ ಪೇಟೆಗೆ ಬಂದಿತು.

೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಿತು. ಲಂಕಾಶೈರಿನ ಗಿರಣಿಗಳು ನಿಂತು ಕೂಲಿಕಾರರು ಅನ್ನಕ್ಕೆ ಪರದಾಡುತ್ತಿದ್ದ ಕಾಲದಲ್ಲಿ ಹುಬ್ಬಳ್ಳಿಯ ಪೇಟೆಯಲ್ಲಿ ಹತ್ತಿಗೆ ಬಂಗಾರದ ಬೆಲೆ ಬಂದಿತು. ಆಂಗ್ಲ ಬಂಡವಾಳಗಾರರು ೧೮೬೦ರಲ್ಲಿ ಸ್ಥಾಪಿಸಿದ ಮ್ಯಾಂಚೆಸ್ಟರ್ ಕಾಟನ್ ಕಂಪನಿಯ ಕಣ್ಣು ಕಾರವಾರದ ಬಂದರಿನ ಮೇಲಿತ್ತು. ಅಂದಿನವರೆಗೆ ಮದರಾಸು ಆಧಿಪತ್ಯದಲ್ಲಿದ್ದ ಉತ್ತರ ಕನ್ನಡವು ೧೮೬೨ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿದುದರ ಹಿಂದೆ ಹತ್ತಿಯ ಹಿತಾಸಕ್ತಿಯ ಒತ್ತಡವಿತ್ತು. ಒಂದು ಜಿಲ್ಲೆಯ ಆಡಳಿತದ ಗೆರೆಯನ್ನೇ ಹತ್ತಿಯ ಮೂಟೆ ಸರಿಸಿಟ್ಟಿತೆಂದರೆ ಆ ವ್ಯಾಪಾರದ ಬಲವನ್ನು ಊಹಿಸಬಹುದು.

ಬೆಲೆಯೊಡನೆ ಮೋಸವೂ ಬೆಳೆಯಿತು. ತೂಕ ಬರಲೆಂದು ಅರಳೆಗೆ ನೀರು ಚಿಮುಕಿಸುವುದು, ಬೀಜ, ಮಣ್ಣು, ಕಲ್ಲು ಬೆರಸುವುದು, ಧಾರವಾಡದ ಹತ್ತಿಯಲ್ಲಿ ಕೀಳು ಹತ್ತಿಯನ್ನು ಕೂಡಿಸುವುದು ಸಾಮಾನ್ಯವಾಯಿತು. ಇದನ್ನು ತಡೆಯಲು ಮುಂಬಯಿ ಸರಕಾರ ೧೮೬೩ರಲ್ಲಿ ಹತ್ತಿಯ ವಂಚನೆಯ ವಿರುದ್ಧ ಪ್ರತ್ಯೇಕವಾದ ಕಾಯಿದೆಯನ್ನೇ ಮಾಡಬೇಕಾಯಿತು.

೧೮೬೫ರ ವಸಂತದಲ್ಲಿ ಯುದ್ಧ ನಿಂತಿತು. ಅದರೊಂದಿಗೆ ಬೆಲೆಯೂ ಕುಸಿಯಿತು. ಹತ್ತಿಯ ಹಣದಿಂದ ಮುಂಬಯಿಯಲ್ಲಿ ಹುಟ್ಟಿದ್ದ ಕಂಪನಿಗಳು, ಸಮುದ್ರವನ್ನು ತುಂಬಿ ನೆಲ ಮಾಡುವೆವೆಂದು ಮಾರಿದ್ದ ಶೇರುಗಳು ಒಂದೇ ಬೇಸಗೆಯಲ್ಲಿ ರದ್ದಿಕಾಗದವಾದವು. ಶೇರುಪೇಟೆಯ ಅರಸನೆನಿಸಿದ್ದ ಪ್ರೇಮಚಂದ ರಾಯಚಂದನೂ ಆ ಹೊಡೆತಕ್ಕೆ ಸಿಕ್ಕಿದನು. ಮುಂಬಯಿಯ ಈ ಕಥೆಯನ್ನು ಅನೇಕರು ಬರೆದಿದ್ದಾರೆ. ಬೆಲೆಯ ಏರಿಕೆಯನ್ನು ನಂಬಿ ಜೋಳದ ಹೊಲಕ್ಕೆ ಹತ್ತಿ ಹಾಕಿ, ಸಾಹುಕಾರನಲ್ಲಿ ಸಾಲ ಮಾಡಿದ ರೈತನ ಕಥೆ ಅಷ್ಟು ಬರೆಯಲ್ಪಟ್ಟಿಲ್ಲ. ಮುಂದೆ ೧೮೭೬-೭೮ರ ಘೋರ ಬರಗಾಲ ಧಾರವಾಡ, ವಿಜಾಪುರ, ಬಳ್ಳಾರಿ ಜಿಲ್ಲೆಗಳ ಮೇಲೆರಗಿತು. ಹತ್ತಿಯನ್ನು ತಿಂದು ಬದುಕುವುದಕ್ಕಾಗುವುದಿಲ್ಲ.

ಕುಮಟೆಯ ವೈಭವವೂ ಬಹುಕಾಲ ಉಳಿಯಲಿಲ್ಲ. ೧೮೮೦ರ ದಶಕದಲ್ಲಿ ಗದಗು, ಹುಬ್ಬಳ್ಳಿಗಳನ್ನು ರೈಲು ಮುಟ್ಟಿತು. ಲೋಂಡಾ ಮಾರ್ಗವಾಗಿ ಮಾರ್ಮಗೋವಾ ಬಂದರಿಗೆ ದಾರಿಯಾಯಿತು. ಘಟ್ಟದ ದಾರಿಯಲ್ಲಿ ಎತ್ತಿನ ಕೊರಳ ಗಂಟೆಯ ಸದ್ದು ಕ್ಷೀಣಿಸಿತು. ಬಂದರಿನ ಹತ್ತಿವ್ಯಾಪಾರ ಹೋದ ಮೇಲೆಯೂ ಅದರ ಹೆಸರು ಮಾತ್ರ ಬಹಳ ವರ್ಷ ಹತ್ತಿಗೆ ಅಂಟಿಕೊಂಡಿತ್ತು.

ಜಯಧರನಿಂದ ವರಲಕ್ಷ್ಮಿಗೆ

ಇಪ್ಪತ್ತನೆಯ ಶತಮಾನದಲ್ಲಿ ಹತ್ತಿಯ ಸಂಶೋಧನೆ ವ್ಯವಸ್ಥಿತವಾಯಿತು. ೧೯೨೧ರಲ್ಲಿ ಭಾರತೀಯ ಕೇಂದ್ರ ಹತ್ತಿ ಸಮಿತಿ ಏರ್ಪಟ್ಟಿತು. ಧಾರವಾಡ, ಗದಗು ಕೇಂದ್ರಗಳ ತಜ್ಞರು ದೇಶೀ ಹತ್ತಿಯಿಂದ ಜಯವಂತ, ಜಯಧರ ಎಂಬ ತಳಿಗಳನ್ನೂ, ಅಮೆರಿಕನ್ ಹತ್ತಿಯಿಂದ ಲಕ್ಷ್ಮಿ ಎಂಬ ತಳಿಯನ್ನೂ ಬೆಳೆಸಿಕೊಟ್ಟರು. ಇವು ರೈತನು ತನ್ನ ಹೊಲದ ಬೀಜವನ್ನೇ ಕಾದಿಟ್ಟು ಮರುವರ್ಷ ಬಿತ್ತಬಹುದಾದ ತಳಿಗಳು.

೧೯೪೭ರ ದೇಶವಿಭಜನೆಯಿಂದ ಒಂದು ವಿಚಿತ್ರ ಪರಿಸ್ಥಿತಿ ಒದಗಿತು. ಗಿರಣಿಗಳು ಬಹುತೇಕ ಭಾರತದಲ್ಲಿಯೇ ಉಳಿದವು. ಉದ್ದ ಎಳೆಯ ಹತ್ತಿ ಬೆಳೆಯುವ ಸಿಂಧ್ ಮತ್ತು ಪಶ್ಚಿಮ ಪಂಜಾಬಿನ ನೀರಾವರಿ ಪ್ರದೇಶಗಳು ಪಾಕಿಸ್ತಾನಕ್ಕೆ ಹೋದವು. ಮುಂದಿನ ಎರಡು ದಶಕಗಳ ಕಾಲ ನಯವಾದ ನೂಲಿಗೆ ಬೇಕಾದ ಹತ್ತಿ ಈಜಿಪ್ತ, ಸುಡಾನ, ಅಮೆರಿಕಗಳಿಂದ ಬರಬೇಕಾಯಿತು.

ಈ ಪರಾಧೀನತೆಯನ್ನು ತಪ್ಪಿಸಿದ ಶ್ರೇಯಸ್ಸಿನಲ್ಲಿ ಕನ್ನಡನಾಡಿಗೆ ದೊಡ್ಡ ಪಾಲಿದೆ. ೧೯೭೦ರಲ್ಲಿ ಸೂರತ್ತಿನ ಡಾ. ಸಿ. ಟಿ. ಪಟೇಲರು ‘ಎಚ್-೪’ ಎಂಬ ಹತ್ತಿಯ ಸಂಕರ ತಳಿಯನ್ನು ಬಿಡುಗಡೆ ಮಾಡಿದರು. ಎರಡೇ ವರ್ಷಗಳ ತರುವಾಯ, ೧೯೭೨ರಲ್ಲಿ, ಧಾರವಾಡದ ಡಾ. ಬಿ. ಎಚ್. ಕಾತರಕಿಯವರು ಲಕ್ಷ್ಮಿ ತಳಿಯನ್ನು ಬಾರ್ಬಡೆನ್ಸ್ ಜಾತಿಯ ಒಂದು ತಳಿಯೊಡನೆ ಕೂಡಿಸಿ ‘ವರಲಕ್ಷ್ಮಿ’ಯನ್ನು ನೀಡಿದರು. ಎರಡು ಭಿನ್ನ ಜಾತಿಗಳ ಸಂಕರದಿಂದ ಹುಟ್ಟಿ ರೈತರ ಹೊಲಕ್ಕೆ ಬಂದ ಮೊದಲ ಹತ್ತಿ ಇದು. ೧೯೮೧ರಲ್ಲಿ ಅದೇ ಧಾರವಾಡದಿಂದ ‘ಡಿಸಿಎಚ್-೩೨’ ಬಂದಿತು; ಅದಕ್ಕೆ ಜಯಲಕ್ಷ್ಮಿ ಎಂದೂ ಹೆಸರು. ಅತ್ಯಂತ ನಯವಾದ ನೂಲಿಗೆ ಒದಗುವ ಎಳೆ ಅದರದು.

ಸಂಕರ ಬೀಜ ತಯಾರಾಗುವ ಬಗೆಯನ್ನು ಬಲ್ಲವರು ಕಡಿಮೆ. ತಾಯಿಗಿಡದ ಮೊಗ್ಗನ್ನು ಮಧ್ಯಾಹ್ನದ ಮೇಲೆ ಬಿಡಿಸಿ, ಅದರ ಕೇಸರಗಳನ್ನೆಲ್ಲ ಉಗುರಿನಿಂದ ತೆಗೆದು, ಗುರುತು ಕಟ್ಟಬೇಕು. ಮರುದಿನ ಬೆಳಗ್ಗೆ ತಂದೆಗಿಡದ ಹೂವನ್ನು ತಂದು ಪರಾಗವನ್ನು ಸೋಂಕಿಸಬೇಕು. ಒಂದೊಂದು ಹೂವಿಗೂ ಇದೇ ಕ್ರಮ. ರಾಣೇಬೆನ್ನೂರು, ಹಾವೇರಿ ಸುತ್ತಿನ ಹೊಲಗಳಲ್ಲಿ ಈ ಸೂಕ್ಷ್ಮ ಕೆಲಸವನ್ನು ನೆರವೇರಿಸಿದವರು ಹೆಚ್ಚಾಗಿ ಹೆಂಗಸರು. ತಳಿಯ ಹೆಸರಿನೊಡನೆ ವಿಜ್ಞಾನಿಯ ಹೆಸರು ಉಳಿದಿದೆ; ಉಳಿಯಬೇಕಾದದ್ದೇ. ಆ ಬೆರಳುಗಳ ದುಡಿಮೆಯನ್ನೂ ಜೊತೆಯಲ್ಲಿಯೇ ನೆನೆಯುವುದು ನ್ಯಾಯ.

ವರಲಕ್ಷ್ಮಿಯ ವರದಲ್ಲಿ ಎರಡು ನಿಬಂಧನೆಗಳಿದ್ದವು. ಸಂಕರ ಬೀಜವನ್ನು ಮರುವರ್ಷ ಬಿತ್ತಿದರೆ ಗುಣ ಉಳಿಯುವುದಿಲ್ಲವಾದ್ದರಿಂದ ಪ್ರತಿವರ್ಷವೂ ಕೊಳ್ಳಬೇಕು. ಎರಡನೆಯದಾಗಿ, ಕಾಯಿಕೊರಕ ಹುಳುವಿಗೆ ಈ ಗಿಡಗಳು ಸುಲಭವಾಗಿ ತುತ್ತಾಗುತ್ತಿದ್ದುದರಿಂದ ಔಷಧವನ್ನು ಹೊಡೆಯುತ್ತಲೇ ಇರಬೇಕು. ಹೊಡೆದಂತೆಲ್ಲ ಹುಳು ಔಷಧಕ್ಕೆ ಒಗ್ಗಿಕೊಂಡಿತು. ೧೯೯೭-೯೮ರಲ್ಲಿ ಆಂಧ್ರದ ವರಂಗಲ್ ಜಿಲ್ಲೆಯಲ್ಲಿ ಹತ್ತಿಯ ಬೆಳೆ ಕೈಕೊಟ್ಟು, ಸಾಲದಲ್ಲಿ ಮುಳುಗಿದ ರೈತರ ಆತ್ಮಹತ್ಯೆಗಳ ಸುದ್ದಿ ದೇಶವನ್ನೇ ಕಲಕಿತು.

ಏರಿದ ಗೆರೆ, ಇಳಿದ ಗೆರೆ

೨೦೦೨ರ ಮಾರ್ಚಿಯಲ್ಲಿ ಬಿಟಿ ಹತ್ತಿಗೆ ಸರಕಾರದ ಅನುಮತಿ ದೊರೆಯಿತು. ಮಣ್ಣಿನಲ್ಲಿರುವ ಒಂದು ಜೀವಾಣುವಿನ ಗುಣಾಂಶವನ್ನು ಗಿಡಕ್ಕೆ ಸೇರಿಸಿ, ಕಾಯಿಕೊರಕವು ತಿಂದೊಡನೆ ಸಾಯುವಂತೆ ಮಾಡಿದ ಹತ್ತಿ ಅದು. ೨೦೦೬ರಲ್ಲಿ ಅದರ ಎರಡನೆಯ ಪೀಳಿಗೆ ಬಂದಿತು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿಯ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅದರದೇ ಆದವು. ೨೦೦೨-೦೩ರಲ್ಲಿ ೧೩೬ ಲಕ್ಷ ಬೇಲುಗಳಷ್ಟಿದ್ದ ಉತ್ಪನ್ನ ೨೦೧೩-೧೪ರಲ್ಲಿ ೩೯೮ ಲಕ್ಷ ಬೇಲುಗಳಿಗೆ ಏರಿತು. ಹೊಸ ಬೀಜದೊಡನೆ ನೀರಾವರಿ, ಗೊಬ್ಬರ, ಗುಜರಾತಿನ ಒಳ್ಳೆಯ ಮಳೆಗಾಲಗಳು ಇವೂ ಆ ಏರಿಕೆಗೆ ಕಾರಣವಾದವು.

ಅನಂತರ ಗೆರೆ ಕೆಳಗಿಳಿಯತೊಡಗಿತು. ಗುಲಾಬಿ ಕಾಯಿಕೊರಕವು ಮೊದಲನೆಯ ಪೀಳಿಗೆಗೆ ಒಗ್ಗಿಕೊಂಡುದು ೨೦೧೦ರ ವೇಳೆಗೇ ಗುಜರಾತಿನಲ್ಲಿ ತಿಳಿದುಬಂದಿತ್ತು; ಕೆಲವು ವರ್ಷಗಳಲ್ಲಿ ಎರಡನೆಯದಕ್ಕೂ ಒಗ್ಗಿಕೊಂಡಿತು. ೨೦೨೪-೨೫ರ ಉತ್ಪನ್ನ ೩೦೦ ಲಕ್ಷ ಬೇಲುಗಳ ಆಚೀಚೆಗೆ ನಿಂತಿತು. ಹತ್ತಿ ಬಿತ್ತುವ ಕ್ಷೇತ್ರದಲ್ಲಿ ಜಗತ್ತಿಗೇ ಮೊದಲನೆಯದಾದ ಭಾರತದಲ್ಲಿ ಹೆಕ್ಟೇರಿಗೆ ದೊರೆಯುವ ಅರಳೆ ಸುಮಾರು ೪೫೦ ಕಿಲೋ. ಜಗತ್ತಿನ ಸರಾಸರಿ ಸುಮಾರು ೮೦೦ ಕಿಲೋ. ಬ್ರೆಜಿಲಿನಲ್ಲಿ ೧,೮೦೦ ಕಿಲೋಗೂ ಮೇಲೆ.

ಈ ಅಂತರಕ್ಕೆ ರೈತನ ಆಲಸ್ಯವನ್ನು ದೂರುವುದು ಅವಿಚಾರ. ಭಾರತದ ಹತ್ತಿಯ ಹೆಚ್ಚು ಪಾಲು ಮಳೆಯನ್ನೇ ನಂಬಿದೆ. ಅದರ ಮೇಲೆ, ಬೇರೆ ದೇಶಗಳು ಬಿಟಿ ಗುಣವನ್ನು ಸಾಧಾರಣ ತಳಿಗಳಲ್ಲಿ ಸೇರಿಸಿದರೆ ಇಲ್ಲಿ ಅದು ಬಂದದ್ದು ಸಂಕರ ಬೀಜದಲ್ಲಿ ಮಾತ್ರ. ಬೀಜ ದುಬಾರಿಯಾದುದರಿಂದ ಗಿಡಗಳನ್ನು ದೂರ ದೂರ ನೆಡಬೇಕು; ಒಂದೊಂದು ಗಿಡದಿಂದಲೂ ಹೆಚ್ಚು ಕಾಯಿ ಪಡೆಯಲು ಬೆಳೆಯನ್ನು ಬಹಳ ದಿನ ಹೊಲದಲ್ಲಿ ನಿಲ್ಲಿಸಬೇಕು. ಹಿಂಗಾರಿಯ ಕೊನೆಯವರೆಗೆ ನಿಂತ ಹಸುರು ಕಾಯಿಗಳೇ ಗುಲಾಬಿ ಹುಳುವಿಗೆ ಅನ್ನಛತ್ರ. ಬೇಗ ಮಾಗುವ ಗಿಡ್ಡ ತಳಿಗಳನ್ನು ಒತ್ತಾಗಿ ಬಿತ್ತಿ, ಹುಳು ಹೆಚ್ಚುವ ಮೊದಲೇ ಹತ್ತಿ ಬಿಡಿಸಿ ಹೊಲವನ್ನು ಬರಿದು ಮಾಡುವುದು ಉಪಾಯವೆಂದು ಕೃಷಿತಜ್ಞರು ಹೇಳುತ್ತ ಬಂದಿದ್ದಾರೆ.

ಪೇಟೆಯ ಗಾಳಿ

ಬೆಲೆಯ ಚಾಂಚಲ್ಯ ೧೮೬೫ಕ್ಕೇ ಮುಗಿಯಲಿಲ್ಲ. ೨೦೧೧ರ ಮಾರ್ಚಿಯಲ್ಲಿ ಜಗತ್ತಿನ ಪೇಟೆಯಲ್ಲಿ ಅರಳೆ ಪೌಂಡಿಗೆ ಎರಡು ಡಾಲರುಗಳನ್ನು ದಾಟಿತು. ವರ್ಷ ತುಂಬುವುದರೊಳಗೆ ಅರ್ಧಕ್ಕಿಳಿಯಿತು. ೨೦೨೨ರ ಮೇ ತಿಂಗಳಲ್ಲಿ ಇಲ್ಲಿಯ ಖಂಡಿಯ ಬೆಲೆ ಒಂದು ಲಕ್ಷ ರೂಪಾಯಿಗಳನ್ನು ಮೀರಿತು. ಮರುವರ್ಷ ಅರವತ್ತು ಸಾವಿರದ ಒಳಗೆ ಬಂದಿತು. ಬೆಲೆ ಏರಿದಾಗ ಗಿರಣಿಗಳು ಗೋಳಿಡುತ್ತವೆ, ಇಳಿದಾಗ ರೈತನು. ಸರಕಾರವು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಕೈಚಾಚುತ್ತದೆ. ೨೦೨೧ರ ಫೆಬ್ರವರಿಯಲ್ಲಿ ವಿದೇಶೀ ಹತ್ತಿಯ ಮೇಲೆ ನೂರಕ್ಕೆ ಹನ್ನೊಂದರಷ್ಟು ಸುಂಕ ಬಿದ್ದಿತು. ಅಮೆರಿಕವು ಭಾರತದ ಸರಕುಗಳ ಮೇಲೆ ೨೦೨೫ರ ಆಗಸ್ಟ್ ೨೭ರಿಂದ ನೂರಕ್ಕೆ ಐವತ್ತರಷ್ಟು ಸುಂಕ ವಿಧಿಸಿದ ಹೊತ್ತಿನಲ್ಲಿ, ಸಿದ್ಧ ಉಡುಪಿನ ಉದ್ಯಮವನ್ನುಳಿಸಲೆಂದು ಆ ಹತ್ತಿಯ ಸುಂಕವನ್ನು ಅದೇ ವರ್ಷದ ಡಿಸೆಂಬರ್ ೩೧ರವರೆಗೆ ತೆಗೆದುಹಾಕಲಾಯಿತು. ಗಿರಣಿಗೆ ಉಸಿರು ಬಂದಿತು. ಹತ್ತಿ ಬಿಡಿಸುವ ಕಾಲಕ್ಕೆ ಹೊರಗಿನ ಅರಳೆ ಬಂದಿಳಿಯುವುದನ್ನು ಕಂಡು ರೈತನ ಎದೆ ನಡುಗಿತು.

ರೈತನಿಗೆ ಆಸರೆಯೆಂದರೆ ಕನಿಷ್ಠ ಬೆಂಬಲ ಬೆಲೆ. ೨೦೨೫-೨೬ರ ಸುಗ್ಗಿಗೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲಿಗೆ ೭,೭೧೦, ಉದ್ದ ಎಳೆಯದಕ್ಕೆ ೮,೧೧೦ ರೂಪಾಯಿ ಗೊತ್ತಾಯಿತು. ಆ ಬೆಲೆಗೆ ಕೊಳ್ಳುವ ಹೊಣೆ ೧೯೭೦ರಲ್ಲಿ ಸ್ಥಾಪಿತವಾದ ಭಾರತೀಯ ಹತ್ತಿ ನಿಗಮದ್ದು. ಆದರೆ ಖರೀದಿ ಕೇಂದ್ರದ ಬಾಗಿಲು ತೆರೆಯುವವರೆಗೆ ಕಾಯಬಲ್ಲವನಿಗೆ ಮಾತ್ರ ಈ ಬೆಲೆ. ಬೀಜದ ಸಾಲ, ಬಿಡಿಸುವವರ ಕೂಲಿ ಎದುರಿಗೆ ನಿಂತಾಗ ಸಣ್ಣ ಹಿಡುವಳಿದಾರ ಸಿಕ್ಕಿದ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳುವುದೇ ಹೆಚ್ಚು.

ಇನ್ನೊಂದು ಮಾತು ಗಮನಾರ್ಹವಾದುದು. ೨೦೧೧-೧೨ರಲ್ಲಿ ೧೨೯ ಲಕ್ಷ ಬೇಲುಗಳಷ್ಟು ಹತ್ತಿಯನ್ನು ಹೊರದೇಶಗಳಿಗೆ ಕಳುಹಿಸಿದ್ದ ಭಾರತ ೨೦೨೪-೨೫ರಲ್ಲಿ ಕಳುಹಿಸಿದುದಕ್ಕಿಂತ ಹೆಚ್ಚನ್ನು ತರಿಸಿಕೊಂಡಿತು. ವರಲಕ್ಷ್ಮಿ, ಡಿಸಿಎಚ್‌ಗಳನ್ನು ಜಗತ್ತಿಗೆ ತೋರಿಸಿದ ದೇಶವು ಅತಿ ಉದ್ದನೆಯ ಎಳೆಗಾಗಿ ಈಜಿಪ್ತ ಮತ್ತು ಅಮೆರಿಕಗಳ ಕಡೆಗೆ ಮತ್ತೆ ನೋಡುವಂತಾಯಿತು.

ಬೇಡಿಕೆಯ ಬದಿಯಲ್ಲಿ ಹತ್ತಿಯ ಪ್ರತಿಸ್ಪರ್ಧಿ ಇನ್ನೊಂದು ದೇಶದ ಹತ್ತಿಯಲ್ಲ, ಕಲ್ಲೆಣ್ಣೆಯಿಂದ ಹುಟ್ಟಿದ ಪಾಲಿಯೆಸ್ಟರ್. ೧೯೬೦ರ ಸುಮಾರಿಗೆ ಜಗತ್ತು ಬಳಸುತ್ತಿದ್ದ ನಾರಿನಲ್ಲಿ ಮೂರನೆಯ ಎರಡು ಪಾಲು ಹತ್ತಿಯದಾಗಿತ್ತು. ಇಂದು ಅದು ಸುಮಾರು ಐದನೆಯ ಒಂದು ಪಾಲು. ಪಾಲಿಯೆಸ್ಟರ್ ಅರ್ಧಕ್ಕೂ ಮಿಕ್ಕಿದೆ. ಒಗೆಯುವುದು ಸುಲಭ, ಇಸ್ತ್ರಿಯ ಗೊಡವೆಯಿಲ್ಲ, ಬೆಲೆ ಅಗ್ಗ ಎಂದು ಗೃಹಿಣಿ ಅದನ್ನು ಆರಿಸಿದರೆ ತಪ್ಪೆನ್ನುವಂತಿಲ್ಲ. ರಾಷ್ಟ್ರಧ್ವಜವೇ ಈ ಬದಲಾವಣೆಗೆ ಹೊರತಾಗಲಿಲ್ಲ. ಧಾರವಾಡ ಜಿಲ್ಲೆಯ ಗರಗದ ಖಾದಿ ಮತ್ತು ಹುಬ್ಬಳ್ಳಿಯ ಬೆಂಗೇರಿಯ ಧ್ವಜನಿರ್ಮಾಣ ಕೇಂದ್ರ ದೇಶಕ್ಕೆಲ್ಲ ಹೆಸರಾದವು. ೨೦೨೧ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರಿನ, ಯಂತ್ರದಲ್ಲಿ ನೇಯ್ದ ಧ್ವಜಗಳಿಗೂ ಸಮ್ಮತಿ ದೊರೆತಾಗ ಖಾದಿ ಸಂಸ್ಥೆಗಳು ಪ್ರತಿಭಟಿಸಿದವು. ಹೆಚ್ಚು ಮನೆಗಳ ಮೇಲೆ ಧ್ವಜ ಹಾರಬೇಕೆಂಬ ಆಶಯ ಒಳ್ಳೆಯದೇ; ಚರಕವನ್ನೇ ನಂಬಿದ ಮನೆಯ ಒಲೆ ಉರಿಯಬೇಕೆಂಬ ಆಶಯವೂ ಅದಕ್ಕಿಂತ ಕಡಿಮೆಯದಲ್ಲ.

ಅಳತೆ ಯಾವುದು?

ಹತ್ತಿಯ ಉತ್ಪಾದಕತೆಯನ್ನು ಹೆಚ್ಚಿಸಲು, ವಿಶೇಷವಾಗಿ ಅತಿ ಉದ್ದನೆಯ ಎಳೆಯ ತಳಿಗಳನ್ನು ಬೆಳೆಸಲು, ಕೇಂದ್ರ ಸರಕಾರ ೨೦೨೫ರ ಮುಂಗಡಪತ್ರದಲ್ಲಿ ಐದು ವರ್ಷಗಳ ಯೋಜನೆಯೊಂದನ್ನು ಸಾರಿತು. ಸ್ವಾಗತಾರ್ಹವಾದ ಮಾತೇ. ಆದರೆ ಬೇಲುಗಳ ಸಂಖ್ಯೆಯೊಂದನ್ನೇ ಗುರಿಯಾಗಿಟ್ಟುಕೊಂಡರೆ ಹಿಂದಿನ ಅನುಭವಗಳೆಲ್ಲ ವ್ಯರ್ಥವಾದಂತೆ. ಅಮೆರಿಕನ್ ಬೀಜ, ಸಂಕರ ಬೀಜ, ಬಿಟಿ ಬೀಜ, ಈ ಮೂರೂ ಬಂದಾಗ ಮೊದಲು ಸುಗ್ಗಿಯಾಯಿತು. ಮೂರು ಸಲವೂ ಹೊಸ ಖರ್ಚು, ಹೊಸ ಅಪಾಯ ರೈತನ ಪಾಲಿಗೆ ಉಳಿಯಿತು. ಬೆಲೆ ಕಟ್ಟುವ ಅಧಿಕಾರ ಮಾತ್ರ ಒಮ್ಮೆಯೂ ಅವನ ಕೈಗೆ ಬರಲಿಲ್ಲ.

ಮಳೆಯಾಶ್ರಯದ ಎರೆಭೂಮಿಗೆ ಬೇಗ ಮಾಗುವ, ಕಾದಿಟ್ಟು ಬಿತ್ತಬಹುದಾದ ತಳಿಗಳನ್ನು ಸರಕಾರಿ ಸಂಶೋಧನಾ ಕೇಂದ್ರಗಳು ಒದಗಿಸುವುದು ಮೊದಲನೆಯ ಕೆಲಸ. ನೀರಿರುವಲ್ಲಿ ಉದ್ದನೆಯ ಎಳೆ ಬೆಳೆಯಲಿ. ಅದಕ್ಕೆ ತಕ್ಕ ಹೆಚ್ಚುಬೆಲೆ ಬೆಳೆದವನಿಗೇ ಸಲ್ಲುವ ಏರ್ಪಾಡಾಗಲಿ. ದಪ್ಪ ನೂಲಿನ ಜಮಖಾನೆ, ಖಾದಿ, ಹೊದಿಕೆಗಳಿಗೆ ಜಯಧರನಂಥ ದೇಶೀ ಹತ್ತಿ ಇಂದಿಗೂ ಒಪ್ಪುತ್ತದೆ. ಅದನ್ನು ಕೊಳ್ಳುವ ಪೇಟೆಯಿದ್ದರೆ ಬೆಳೆಯುವ ಹೊಲವೂ ಇರುತ್ತದೆ. ಖರೀದಿ ಕೇಂದ್ರಗಳು ಹತ್ತಿ ಹೊಲದಿಂದ ಬರುವ ಮೊದಲೇ ತೆರೆದಿರಲಿ.

ಅರಳೆಯ ಎಳೆಯನ್ನು ಮಿಲಿಮೀಟರಿನಲ್ಲಿ ಅಳೆದು, ಅದರ ಬಣ್ಣ, ಬಲ, ನಯಗಳಿಗೆ ಬೇರೆ ಬೇರೆ ಅಂಕ ಕೊಡುವ ಯಂತ್ರಗಳು ಪೇಟೆಯಲ್ಲಿ ಬಂದಿವೆ. ಸುಗ್ಗಿ ತೀರಿ, ಸಾಲ ಸಂದ ಮೇಲೆ ರಾಯಚೂರಿನ ಅಥವಾ ಹಾವೇರಿಯ ಒಂದು ಮನೆಯಲ್ಲಿ ಉಳಿದದ್ದೆಷ್ಟು ಎಂಬ ಲೆಕ್ಕಕ್ಕೆ ಯಂತ್ರ ಬೇಕಾಗಿಲ್ಲ. ಕೇಳುವವರು ಬೇಕಾಗಿದ್ದಾರೆ.